ಜಕ್ಕೂರಿನ ಗಾಡಿಗೆ ಸೆರಾಮಿಕ್ ಪ್ಲೇಟ್

ಜಕ್ಕೂರು
ಜೂನ್ 12, 2023

ಪ್ರೀತಿಯ ಬಾಲರಾಜ್ ಭಾವನವರಿಗೆ ಮಹೇಂದ್ರನ ನಮಸ್ಕಾರ.

ಫೋನಿನಲ್ಲಿ ಕೇಳಿದರೆ “ಬಾಯಲ್ಲಿ ಹೇಳಿದ ಗಾಡಿಗೆಲ್ಲ ನಾನು ಕ್ಲಚ್ ಪ್ಲೇಟ್ ಹೇಳಲ್ಲ ಕಣೋ, ಎಲ್ಲಾ ಬರೆದು ಮೇಲ್ ಮಾಡು” ಎಂದು ಇಟ್ಟುಬಿಟ್ಟಿರಿ. ತಂಗಿಯ ಗಂಡನಿಗೂ ಕಂಪನಿ ರೂಲ್ಸೇ? ಪುಣೆ ಕಡೆಯ ಕ್ಲಚ್ ಫ್ಯಾಕ್ಟರಿಯಲ್ಲಿ ಟೆಸ್ಟಿಂಗ್ ವಿಭಾಗ ಸೇರಿದ ಮೇಲೆ ನಿಮ್ಮ ಗತ್ತೇ ಬೇರೆಯಾಗಿದೆ. ಇರಲಿ, ಬರೆಯುತ್ತೇನೆ.

ನನ್ನ ಟರ್ಬೊ ಪೆಟ್ರೋಲ್ ಗಾಡಿ ನಿಮಗೆ ಗೊತ್ತು. ಹೋದ ವರ್ಷ ಯಲಹಂಕದ ಗೆಳೆಯರ ಮಾತು ಕೇಳಿ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಮ್ಯಾಪ್ ಹಾಕಿಸಿ ಶಕ್ತಿ ಹೆಚ್ಚಿಸಿಕೊಂಡೆ. ಅಲ್ಲಿಂದ ಅದು ಗಾಡಿಯಲ್ಲ, ಗೂಳಿ. ಆದರೆ ಈಚೆಗೆ ಏರ್‌ಪೋರ್ಟ್ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಕಾಲೊತ್ತಿದರೆ ಎಂಜಿನ್ ಕೂಗಿಕೊಳ್ಳುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಆರ್.ಟಿ. ನಗರದ ಗ್ಯಾರೇಜಿನ ಚನ್ನಪ್ಪ ಒಂದು ಸುತ್ತು ಓಡಿಸಿ ನೋಡಿ, “ಪ್ಲೇಟ್ ಜಾರ್ತಿದೆ ಸಾರ್. ಕಂಪನಿ ಪ್ಲೇಟು ಇಷ್ಟು ಪವರ್ ತಡ್ಕೊಳಲ್ಲ” ಎಂದ. ಗೆಳೆಯರೆಲ್ಲ ಒಂದೇ ಬಾಯಿಗೆ ಸೆರಾಮಿಕ್ ಹಾಕಿಸು ಎನ್ನುತ್ತಿದ್ದಾರೆ. ನೀವೇ ಒಂದು ಒಳ್ಳೆಯ ಪ್ಲೇಟ್ ಆರಿಸಿ ಕಳಿಸಬೇಕು.

ಇನ್ನೊಂದು ಮಾತು. ರಾಧಾಮಣಿಗೆ ಇದು ಗೊತ್ತಾಗುವುದು ಬೇಡ. ಮ್ಯಾಪ್ ಹಾಕಿಸಿದ್ದಕ್ಕೇ ವಾರಗಟ್ಟಲೆ ಮುಖ ಕೊಟ್ಟು ಮಾತಾಡಿರಲಿಲ್ಲ. ಇನ್ನು ಗಾಡಿಗೆ ಕೈ ಹಾಕುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ನಿಮ್ಮ ತಂಗಿಯ ಕೋಪದ ಬಗ್ಗೆ ನಿಮಗೆ ನಾನು ಹೇಳಬೇಕೇ?

ನಿಮ್ಮ
ಮಹೇಂದ್ರ


ಚಾಕಣ, ಪುಣೆ
ಜೂನ್ 18, 2023

ಮಹೇಂದ್ರ,

ನಿನ್ನ ಪತ್ರ ಓದಿದೆ. ಟರ್ಬೊ ಬಗ್ಗೆ ಅಷ್ಟುದ್ದ, ನನ್ನ ತಂಗಿಯ ಬಗ್ಗೆ ಇಷ್ಟೇ ಇಷ್ಟು. ಅದೂ ಅವಳಿಗೆ ಹೇಳಬೇಡಿ ಎನ್ನುವುದಕ್ಕೆ. ಸೋದರಮಾವನ ಮಗ, ಒಂದೇ ಅಂಗಳದಲ್ಲಿ ಆಡಿಕೊಂಡು ಬೆಳೆದವನು ಎಂದು ಸುಮ್ಮನಿದ್ದೇನೆ.

ಈಗ ಕೇಳು. ಗಾಡಿ ಹೊರಡುವಾಗ ಕ್ಲಚ್ ಪ್ಲೇಟ್ ಕೊಂಚ ಜಾರಲೇಬೇಕು. ಜಾರುತ್ತ ಜಾರುತ್ತ ಹಿಡಿಯುವುದೇ ಅದರ ಕಸುಬು. ಕಂಪನಿಯಿಂದ ಬರುವುದನ್ನು ಆರ್ಗ್ಯಾನಿಕ್ ಎನ್ನುತ್ತೇವೆ. ಮೆತ್ತಗೆ ಹಿಡಿಯುತ್ತದೆ, ಓಡಿಸುವವರು ತಪ್ಪು ಮಾಡಿದರೂ ಮುಚ್ಚಿಹಾಕುತ್ತದೆ. ಬಿಸಿ ಮಿತಿ ಮೀರಿದರೆ ಮಾತ್ರ ಸುಟ್ಟುಹೋಗುತ್ತದೆ. ಕೆವ್ಲಾರ್ ನಾರಿನ ಪ್ಲೇಟ್ ಬಹಳ ಬಾಳುತ್ತದೆ, ಆದರೆ ಮೊದಮೊದಲು ಎಷ್ಟೋ ದಿನ ಮೆಲ್ಲಗೆ ಓಡಿಸಿ ಪಳಗಿಸಬೇಕು. ಆ ತಾಳ್ಮೆ ನಿನ್ನ ಜಾತಕದಲ್ಲೇ ಇಲ್ಲ. ಇನ್ನು ನಿನ್ನ ಗೆಳೆಯರ ಸೆರಾಮಿಕ್. ಅದು ಎಷ್ಟು ಬಿಸಿಗೂ ಜಗ್ಗುವುದಿಲ್ಲ, ನಿಜ. ಆದರೆ ಹಿಡಿದರೆ ಒಂದೇ ಏಟಿಗೆ ಹಿಡಿಯುತ್ತದೆ. ಬಿಟ್ಟರೆ ಪೂರ್ತಿ ಬಿಡುತ್ತದೆ. ನಡುವೆ ಏನೂ ಇಲ್ಲ. ರೇಸ್ ಟ್ರ್ಯಾಕಿಗೆ ಸರಿ. ಹೆಬ್ಬಾಳದ ಫ್ಲೈಓವರ್ ಏರಿನಲ್ಲಿ ಇಂಚು ಇಂಚಾಗಿ ಮುಂದೆ ಹೋಗುವಾಗ ಗಾಡಿ ಗಡಗಡ ನಡುಗುತ್ತದೆ, ಇಲ್ಲವೇ ಎಗರಿ ನಿಂತೇಬಿಡುತ್ತದೆ. ಪೆಡಲ್ ಕೂಡ ಕಲ್ಲಿನ ಹಾಗೆ ಗಟ್ಟಿ.

ನಾನು ಯಾರಿಗೇ ಪ್ಲೇಟ್ ಹೇಳುವ ಮೊದಲು ಎಂಜಿನ್ ಲೆಕ್ಕ ಕೇಳುವುದಿಲ್ಲ. ಯಾರ್ಯಾರು ಓಡಿಸುತ್ತಾರೆ ಎಂದು ಕೇಳುತ್ತೇನೆ. ಇಲ್ಲಿನವರು ನಗುತ್ತಾರೆ, ನಗಲಿ. ನಿನ್ನನ್ನೂ ಅದನ್ನೇ ಕೇಳುತ್ತಿದ್ದೇನೆ. ರಾಧ ಪ್ರತಿ ಗುರುವಾರ ಅದೇ ಗಾಡಿ ತೆಗೆದುಕೊಂಡು ಚಿಕ್ಕಬಾಣಾವರಕ್ಕೆ ಬಂದು ಅಮ್ಮನನ್ನು ಸುತ್ತಾಡಿಸುತ್ತಾಳಂತೆ. ಅಮ್ಮ ಫೋನಿನಲ್ಲಿ ಅದನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಸೊಪ್ಪಿನ ಕುಕ್ಕೆ ತಲೆ ಮೇಲೆ ಹೊತ್ತು ಯಶವಂತಪುರದ ಮಾರ್ಕೆಟ್ಟಿಗೆ ನಡೆದ ರಸ್ತೆಯಲ್ಲೇ ಈಗ ಮಗಳ ಪಕ್ಕ ಕೂತು ಹೋಗುತ್ತಾಳೆ. ಟಿ. ದಾಸರಹಳ್ಳಿಯಲ್ಲಿ ಗುರುತಿನವರು ಕಂಡರೆ ಗಾಜು ಇಳಿಸಿ, “ನೋಡ್ರವ್ವಾ, ನಮ್ ರಾಧನೇ ಓಡುಸ್ತಾವ್ಳೆ” ಎಂದು ಕೂಗುತ್ತಾಳಂತೆ. ನಮ್ಮ ವಂಶದಲ್ಲಿ ಸ್ಟೀರಿಂಗ್ ಹಿಡಿದ ಮೊದಲ ಹೆಣ್ಣು ಅವಳು.

ಆದ್ದರಿಂದ ಆರ್ಗ್ಯಾನಿಕ್ ಹಾಕಿಸು. ಅದನ್ನು ಒತ್ತಿ ಹಿಡಿಯಲು ಕೊಂಚ ಬಿಗಿಯಾದ ಪ್ರೆಶರ್ ಪ್ಲೇಟ್ ಕಳಿಸುತ್ತೇನೆ. ಮ್ಯಾಪ್ ಸ್ವಲ್ಪ ಇಳಿಸಿಕೋ. ಗೂಳಿಯನ್ನು ಎತ್ತು ಮಾಡಿಕೊಂಡರೆ ನಿನ್ನ ಮಾನವೇನೂ ಹೋಗುವುದಿಲ್ಲ.

ಬಾಲರಾಜ್


ಜಕ್ಕೂರು
ಜೂನ್ 22, 2023

ಭಾವ,

ನಿಮ್ಮ ಪಾಠ ಅರ್ಥವಾಯಿತು. ಆದರೆ ಒಂದು ವಿಷಯ ನಿಮಗೆ ತಿಳಿದಿಲ್ಲ. ರಾಧಾಮಣಿಗೆ ಬೇರೆ ಗಾಡಿ ತರುತ್ತಿದ್ದೇನೆ. ಸಣ್ಣದು, ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್. ಶೋರೂಮಿಗೆ ಹೋಗಿ ಬಣ್ಣವನ್ನೂ ನೋಡಿಕೊಂಡು ಬಂದಿದ್ದೇನೆ. ಅವಳಿಗೆ ಗೊತ್ತಿಲ್ಲ, ತಂದು ಬಾಗಿಲಲ್ಲಿ ನಿಲ್ಲಿಸಿದ ಮೇಲೇ ಹೇಳುವುದು. ದಯವಿಟ್ಟು ನೀವೂ ಬಾಯಿ ಬಿಡಬೇಡಿ. ಅತ್ತೆಗೂ ಹೇಳಬೇಡಿ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಹಾಗಾಗಿ ಇನ್ನು ಮೇಲೆ ಈ ಗಾಡಿ ನನ್ನೊಬ್ಬನದು. ನನ್ನ ಕಾಲಿಗೆ ಸೆರಾಮಿಕ್ ಕಷ್ಟವಲ್ಲ. ಹಗಲೆಲ್ಲ ಬಾಡಿಗೆ ಮನೆಗಳ ನಲ್ಲಿ ರಿಪೇರಿ, ಲಿಫ್ಟ್ ರಿಪೇರಿ, ಅಪ್ಪನ ಕೂಗಾಟ. ಊರಿನವರೆಲ್ಲ ನನ್ನನ್ನು ಇನ್ನೂ ಪಿಳ್ಳಪ್ಪನ ಮಗ ಎಂದೇ ಕರೆಯುತ್ತಾರೆ. ಆ ಗಾಡಿಯಲ್ಲಿ ಕೂತಾಗ ಮಾತ್ರ ನಾನು ಮಹೇಂದ್ರ. ಅದಕ್ಕೂ ಎತ್ತಿನ ಮೂಗುದಾರ ಹಾಕಬೇಡಿ ಭಾವ.

ಮಹೇಂದ್ರ


ಚಾಕಣ
ಜುಲೈ 2, 2023

ಮಹೇಂದ್ರ,

ನಿನ್ನ ಕೊನೆಯ ಮಾತು ಓದಿ ಸ್ವಲ್ಪ ಕರಗಿದೆ. ಅದಕ್ಕೇ ಬರೆದೆ ಎಂದು ಗೊತ್ತು, ಆದರೂ ಕರಗಿದೆ. ರಾಧಾಗೆ ಗಾಡಿ ತರುತ್ತಿರುವುದು ಕೇಳಿ ಖುಷಿಯಾಯಿತು. ಮದುವೆಯಾದಾಗಿನಿಂದ ನೀನಾಗಿಯೇ ಯೋಚಿಸಿ ಮಾಡಿದ ಮೊದಲ ಒಳ್ಳೆಯ ಕೆಲಸ ಇದೇ ಇರಬೇಕು.

ಸೆರಾಮಿಕ್ ಪ್ಲೇಟನ್ನೇ ಕಳಿಸಿದ್ದೇನೆ. ಅದಕ್ಕೆ ಸರಿಯಾದ ಗಟ್ಟಿ ಪ್ರೆಶರ್ ಪ್ಲೇಟೂ ಇದೆ. ಚನ್ನಪ್ಪ ಫ್ಲೈವೀಲನ್ನು ಉಜ್ಜಿಸಿಯೇ ಹಾಕಲಿ, ಹಳೆಯದರ ಮೇಲೆ ಹಾಗೇ ಕೂರಿಸುವುದು ಬೇಡ. ಹಾಕಿಸಿದ ಮೇಲೆ ಒಂದೇ ಒಂದು ದಿನವೂ ರಾಧ ಅದನ್ನು ಓಡಿಸಕೂಡದು. ಆ ಪ್ಲೇಟಿನ ಸ್ವಭಾವ ತಿಳಿಯದೆ ಓಡಿಸಿದರೆ ತನಗೇ ಓಡಿಸಲು ಬರುವುದಿಲ್ಲ ಎನಿಸಿಬಿಡುತ್ತದೆ. ಇಲ್ಲಿ ಪಳಗಿದ ಟೆಸ್ಟ್ ಡ್ರೈವರುಗಳೇ ಮೊದಲ ದಿನ ತಲೆ ಕೆಡಿಸಿಕೊಳ್ಳುತ್ತಾರೆ.

ಅವಳಿಗೆ ನಾನಂತೂ ಏನೂ ಹೇಳುವುದಿಲ್ಲ. ಗಂಡ ಹೆಂಡತಿಯ ನಡುವೆ ನಾನೇಕೆ?

ಬಾಲರಾಜ್


ಜಕ್ಕೂರು
ಆಗಸ್ಟ್ 13, 2023

ಭಾವ,

ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು! ಪ್ಲೇಟ್ ಹಾಕಿಸಿ ಮೂರು ವಾರವಾಯಿತು. ಈಗ ನಾಲ್ಕನೇ ಗೇರಿನಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ದೇವನಹಳ್ಳಿ ಟೋಲ್ ದಾಟಿದ ಮೇಲೆ ಯಲಹಂಕದವರ ಮೂರು ಗಾಡಿಗಳನ್ನು ಹಿಂದೆ ಹಾಕಿದೆ. ಅವರಲ್ಲೊಬ್ಬ ಇಳಿದು ಬಂದು, “ಏನ್ ಪ್ಲೇಟ್ ಮಗಾ ಇದು?” ಎಂದು ಬಾನೆಟ್ ತಟ್ಟಿದ. ಪುಣೆಯಿಂದ ನಮ್ಮ ಭಾವ ಕಳಿಸಿದ್ದು ಎಂದೆ.

ಸಿಗ್ನಲ್ಲಿನಲ್ಲಿ ಮೊದಮೊದಲು ನಾನೂ ಸಾಕಷ್ಟು ಸಲ ಆಫ್ ಮಾಡಿಕೊಂಡೆ, ಸುಳ್ಳು ಹೇಳುವುದಿಲ್ಲ. ಈಗ ಕಾಲು ಪಳಗಿದೆ. ಗಾಡಿ ಗ್ಯಾರೇಜಿನಲ್ಲಿದ್ದಾಗ ರಾಧಾಮಣಿಗೆ ಬರೀ ಸರ್ವೀಸ್ ಎಂದಿದ್ದೆ. ನಂಬಿದಳು.

ಸಣ್ಣ ಗಾಡಿಯ ವಿಷಯ. ಅಧಿಕ ಮಾಸದಲ್ಲಿ ಮನೆಗೆ ಹೊಸ ಗಾಡಿ ತರಬಾರದು ಎಂದು ಅವ್ವ ಅಡ್ಡ ನಿಂತಿದ್ದಾಳೆ. ನೀವೇ ಹೇಳಿ, ಲಕ್ಕಮ್ಮನ ಮಾತು ಮೀರುವವರು ಜಕ್ಕೂರಿನಲ್ಲಿ ಯಾರಿದ್ದಾರೆ? ಗೌರಿ ಹಬ್ಬಕ್ಕೆ ತರುತ್ತೇನೆ.

ಮಹೇಂದ್ರ


ಚಾಕಣ
ನವೆಂಬರ್ 5, 2023

ಮಹೇಂದ್ರ,

ನಿನ್ನಿಂದ ಸುದ್ದಿಯೇ ಇಲ್ಲ. ಗಾಡಿ ಚೆನ್ನಾಗಿದ್ದರೆ ಭಾವನ ನೆನಪು ಬರುವುದಿಲ್ಲ, ಗೊತ್ತಿರುವುದೇ.

ಅಮ್ಮನ ವಿಷಯಕ್ಕೆ ಬರೆಯುತ್ತಿದ್ದೇನೆ. ರಾಧ ಗುರುವಾರ ಬರುವುದನ್ನು ನಿಲ್ಲಿಸಿದ್ದಾಳಂತೆ. ಅಮ್ಮ ನನಗೆ ಹೇಳಲಿಲ್ಲ, ನನ್ನ ಹೆಂಡತಿ ಧನಲಕ್ಷ್ಮಿ ಅಲ್ಲೇ ಇದ್ದಾಳಲ್ಲ, ಅವಳು ಹೇಳಿದ್ದು. ಅಮ್ಮ ಗುರುವಾರ ಬಂತೆಂದರೆ ಬೆಳಿಗ್ಗೆಯೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂರುತ್ತಾಳಂತೆ. ಧನಲಕ್ಷ್ಮಿ “ಅತ್ತೆ, ನಾನೇ ಆಟೊದಲ್ಲಿ ಸುತ್ತಾಡಿಸ್ಕೊಂಡು ಬರ್ಲಾ?” ಎಂದರೆ, “ಆಟೊ ಯಾರ್ಗ್ ಬೇಕು?” ಎಂದು ಒಳಗೆ ಹೋಗುತ್ತಾಳಂತೆ.

ಸಣ್ಣ ಗಾಡಿ ಬಂತೇ? ಬಂದಿದ್ದರೆ ಇನ್ನೇನು ತೊಂದರೆ? ಹೊಸ ಗಾಡಿ ಬಂದ ಮೇಲೆ ತಾಯಿಯ ಮನೆ ಹಳೆಯದಾಯಿತೇ ಅವಳಿಗೆ? ನಾನು ಕೇಳಿದರೆ “ಬರ್ತೀನಿ ಬಿಡಣ್ಣ” ಎಂದು ಮಾತು ತೇಲಿಸುತ್ತಾಳೆ. ನೀನು ಸ್ವಲ್ಪ ವಿಚಾರಿಸು.

ಬಾಲರಾಜ್


ಜಕ್ಕೂರು
ನವೆಂಬರ್ 26, 2023

ಭಾವ,

ತಡವಾಯಿತು, ಕ್ಷಮಿಸಿ. ಇಲ್ಲಿ ಹೊಸ ಕಟ್ಟಡದ ಮೋಲ್ಡಿಂಗ್ ನಡೆಯುತ್ತಿದೆ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ಗಾಡಿ ವಿಷಯ ಕೇಳಿದಿರಿ. ಅದೆಲ್ಲ ಆಯಿತು, ಅದರ ಚಿಂತೆ ನಿಮಗೆ ಬೇಡ. ರಾಧಾಮಣಿಗೆ ಯಾಕೋ ಈಚೆಗೆ ಓಡಿಸುವುದೆಂದರೆ ಧೈರ್ಯ ಸಾಲದು. ಹೆಂಗಸರ ಮನಸ್ಸು, ಒಂದು ಸಲ ಹೆದರಿದರೆ ಮುಗಿಯಿತು. ನಾನು ಒತ್ತಾಯ ಮಾಡಲು ಹೋಗಿಲ್ಲ. ಬಿಡುವಾದಾಗ ನಾನೇ ಕರೆದುಕೊಂಡು ಹೋಗುತ್ತೇನೆ. ಅತ್ತೆಗೆ ನಮಸ್ಕಾರ ತಿಳಿಸಿ.

ಮಹೇಂದ್ರ


ಚಾಕಣ
ಜನವರಿ 17, 2024

ಮಹೇಂದ್ರ,

ಸಂಕ್ರಾಂತಿಗೆ ರಾಧ ಬಂದಿದ್ದಳಂತೆ, ಬಸ್ಸಿನಲ್ಲಿ! ಹೆಬ್ಬಾಳದಲ್ಲಿ ಒಂದು ಬಸ್ ಹಿಡಿದು, ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು ಇನ್ನೊಂದು ಹತ್ತಿ, ಎಳ್ಳುಬೆಲ್ಲ ಕೊಟ್ಟು, ಮಧ್ಯಾಹ್ನಕ್ಕೇ ಹೊರಟುಬಿಟ್ಟಳಂತೆ. ಮನೆಯಲ್ಲಿ ಎರಡು ಗಾಡಿ ಇಟ್ಟುಕೊಂಡು ಬಸ್ಸಿನಲ್ಲಿ ಬರುವುದೆಂದರೆ ಏನರ್ಥ? ಗಾಡಿ ತಂದರೆ ಅಮ್ಮನನ್ನು ಸುತ್ತಾಡಿಸಬೇಕಾಗುತ್ತದೆ ಎನ್ನುವ ಬೇಸರ, ಅಷ್ಟೇ. ನನಗೆ ಬೇರೇನೂ ಹೊಳೆಯುವುದಿಲ್ಲ.

ತಡೆಯಲಾರದೆ ಅವಳಿಗೆ ಫೋನ್ ಮಾಡಿ ಬೈದೆ. “ಆಗಲ್ಲ ಕಣಣ್ಣ, ನಂಗೀಗ ಆಗಲ್ಲ” ಎಂದು ಇಟ್ಟಳು. ಏನಾಗುವುದಿಲ್ಲ ಎಂದು ಕೇಳುವಷ್ಟು ತಾಳ್ಮೆ ನನಗೂ ಇರಲಿಲ್ಲ. ಆಮೇಲೆ ನಾಲ್ಕು ಸಲ ಮಾಡಿದರೂ ಎತ್ತಲಿಲ್ಲ.

ಅಮ್ಮನಿಗೆ ಈಗ ಸ್ವಲ್ಪ ನಡೆದರೂ ಏದುಸಿರು ಬರುತ್ತಿದೆ. ಡಾಕ್ಟರು ಹೃದಯ ದುರ್ಬಲ ಎಂದಿದ್ದಾರೆ. ನೀನಾದರೂ ಒಂದು ಭಾನುವಾರ ರಾಧಾಳನ್ನು ಕರೆದುಕೊಂಡು ಹೋಗು. ಏರ್‌ಪೋರ್ಟ್ ರಸ್ತೆ ಎಲ್ಲಿಗೂ ಓಡಿಹೋಗುವುದಿಲ್ಲ.

ಬಾಲರಾಜ್


ಚಾಕಣ
ಮಾರ್ಚ್ 10, 2024

ಮಹೇಂದ್ರ,

ಅಮ್ಮನ ಹನ್ನೊಂದನೇ ದಿನ ಮುಗಿಸಿ ಇಲ್ಲಿಗೆ ಬಂದು ಸೇರಿದೆ. ಅಲ್ಲಿದ್ದಾಗ ಮನೆ ತುಂಬ ನೆಂಟರು, ನಿನ್ನನ್ನು ಪಕ್ಕಕ್ಕೆ ಕರೆದು ಕೇಳಲಾಗಲಿಲ್ಲ. ಕೇಳಿದ್ದರೆ ಕೈ ಮಾಡಿಬಿಡುತ್ತಿದ್ದೆನೋ ಏನೋ. ಅದಕ್ಕೇ ಬರೆಯುತ್ತಿದ್ದೇನೆ.

ಹಾಲುತುಪ್ಪದ ದಿನ ಸಮಾಧಿಯ ಹತ್ತಿರ ನಾನು ಎಲ್ಲರೆದುರು ರಾಧಾಳಿಗೆ ಏನೆಂದೆ ಎಂಬುದು ನಿನಗೆ ನೆನಪಿರಬೇಕು. “ಬಾಗಿಲಲ್ಲಿ ಗಾಡಿ ನಿಲ್ಲಿಸ್ಕೊಂಡು ಅಮ್ಮನ ಮುಖ ನೋಡೋಕೆ ಬರಕ್ಕಾಗ್ಲಿಲ್ವೇನೇ ನಿಂಗೆ?” ಎಂದೆ. ಹಾಲಿನ ಚೊಂಬು ಹಿಡಿದುಕೊಂಡು ನಿಂತಿದ್ದಳು. ಒಂದು ಮಾತಿಗೂ ಎದುರು ಹೇಳಲಿಲ್ಲ. ನೀನು ಅವಳ ಪಕ್ಕದಲ್ಲೇ ಇದ್ದೆ. ನೀನೂ ಹೇಳಲಿಲ್ಲ.

ತಿಥಿಯ ಹಿಂದಿನ ದಿನ ಬಾಳೆ ಎಲೆ ತರಲು ಯಶವಂತಪುರಕ್ಕೆ ಹೊರಟಾಗ ನಿನ್ನ ಗಾಡಿಯ ಕೀ ಗೋಡೆಯಲ್ಲಿ ನೇತಾಡುತ್ತಿತ್ತು. ತೆಗೆದುಕೊಂಡೆ. ಗೇಟಿನ ಮುಂದೆಯೇ ಗಾಡಿ ಎಗರಿ ನಿಂತಿತು. ಎಲ್ಲಾ ಪ್ಲೇಟುಗಳನ್ನೂ ಓಡಿಸಿ ನೋಡುವುದೇ ಕೆಲಸವಾದ ನಾನು ಜಾಲಹಳ್ಳಿ ಕ್ರಾಸ್ ದಾಟುವಷ್ಟರಲ್ಲಿ ಮತ್ತೆ ಎರಡು ಸಲ ಆಫ್ ಮಾಡಿಕೊಂಡೆ. ಹಿಂದೆ ಬಸ್ಸಿನವನು ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಎಡಗಾಲು ನೋಯುತ್ತಿತ್ತು. ಎಲೆಗಳನ್ನು ಇಳಿಸಿ, ಧನಲಕ್ಷ್ಮಿಯನ್ನು ಕೇಳಿದೆ: “ಇದನ್ಯಾಕೆ ತಂದಿದಾರೆ? ರಾಧಾದು ಸಣ್ಣ ಗಾಡಿ ಎಲ್ಲಿ?”

“ಯಾವ ಸಣ್ಣ ಗಾಡಿ ರೀ?” ಎಂದಳು.

ಆಮೇಲೆ ಅವಳೇ ಎಲ್ಲ ಹೇಳಿದಳು. ರಾಧಾಗೆ ಎಡಗಾಲಿನ ನರ ಬಿದ್ದುಹೋಗಿದೆ ಎಂದು ಅನುಮಾನವಂತೆ. ಆರ್.ಟಿ. ನಗರದಲ್ಲಿ ಡಾಕ್ಟರಿಗೂ ತೋರಿಸಿದ್ದಾಳಂತೆ. ಅವರು ಕಾಲು ಚೆನ್ನಾಗಿಯೇ ಇದೆ ಎಂದರಂತೆ. ಹಾಗಾದರೆ ಕೆಟ್ಟಿರುವುದು ತಲೆಯೇ ಎಂದುಕೊಂಡಳಂತೆ. “ನಂಗೆ ಗಾಡಿ ಕೈ ಬಿಟ್ಟೋಯ್ತು ಅತ್ಗೆ” ಎಂದು ನನ್ನ ಹೆಂಡತಿಯ ಹತ್ತಿರ ಅತ್ತಿದ್ದಾಳೆ. ನನ್ನ ಹತ್ತಿರ ಅಳಲಿಲ್ಲ. ನಾನು ಬೈಯುವವನು.

ನೀನು ಅವಳಿಗೆ ಪ್ಲೇಟ್ ಬದಲಾಯಿಸಿದ್ದು ಹೇಳಲೇ ಇಲ್ಲ ಅಲ್ಲವೇ? ಅದೇ ಹಳೆಯ ಗಾಡಿ ಎಂದುಕೊಂಡು ಹತ್ತಿದಳು ಅವಳು. ಮಹೇಂದ್ರ, ಯಾರು ಓಡಿಸುತ್ತಾರೆ ಎಂದು ನಾನು ನಿನ್ನನ್ನು ಕೇಳಿದ್ದೆ. ಮೊದಲೇ ಕೇಳಿದ್ದೆ.

ನನ್ನ ಮೇಲೂ ನನಗೆ ಹೇಸಿಗೆಯಾಗುತ್ತಿದೆ. ಆ ಪ್ಲೇಟನ್ನು ಆರಿಸಿದವನು ನಾನು. ಅದು ಏನು ಮಾಡುತ್ತದೆ ಎಂದು ಅಕ್ಷರ ಅಕ್ಷರ ನಿನಗೆ ಬರೆದವನೂ ನಾನೇ. ನೀನು ಹೇಳಬೇಡಿ ಎಂದೆ, ನಾನು ದೊಡ್ಡಸ್ತಿಕೆಯಿಂದ ಸುಮ್ಮನಿದ್ದೆ. ಅವಳೊಬ್ಬಳಿಗೆ ಒಂದು ಮಾತು ಹೇಳಿದ್ದರೆ ಅಮ್ಮ ಗುರುವಾರ ಗುರುವಾರ ಜಗಲಿಯಲ್ಲಿ ಕೂತು ಕಾಯಬೇಕಿರಲಿಲ್ಲ.

ಬಾಲರಾಜ್


ಜಕ್ಕೂರು
ಏಪ್ರಿಲ್ 14, 2024

ಭಾವ,

ಒಂದು ತಿಂಗಳಿಂದ ಉತ್ತರ ಬರೆಯಲು ಕೂರುತ್ತೇನೆ, ಎದ್ದು ಹೋಗುತ್ತೇನೆ. ನೀವು ಬರೆದದ್ದೆಲ್ಲ ನಿಜ.

ಸಣ್ಣ ಗಾಡಿ ತರಬೇಕೆಂದು ಶೋರೂಮಿಗೆ ಹೋಗಿದ್ದು ಸುಳ್ಳಲ್ಲ. ಬಣ್ಣ ನೋಡಿದ್ದೂ ಸುಳ್ಳಲ್ಲ. ಆಮೇಲೆ ಗೌರಿ ಹಬ್ಬ ಎಂದೆ, ದೀಪಾವಳಿ ಎಂದೆ, ಕಟ್ಟಡ ಮುಗಿಯಲಿ ಎಂದೆ. ಅಷ್ಟರಲ್ಲಿ ಅವಳೇ ಓಡಿಸುವುದನ್ನು ಬಿಟ್ಟಿದ್ದಳು. ಇನ್ನು ಯಾರಿಗೆ ಗಾಡಿ ಎಂದು ನನ್ನ ಕಳ್ಳ ಮನಸ್ಸು ಸಮಾಧಾನ ಮಾಡಿಕೊಂಡಿತು.

ಪ್ಲೇಟ್ ಹಾಕಿಸಿದ ವಾರವೇ ಹೇಳಬೇಕೆಂದಿದ್ದೆ. ಆ ಗುರುವಾರ ಅವಳು ಹೆಬ್ಬಾಳದ ಏರಿನಲ್ಲಿ ಪದೇ ಪದೇ ಆಫ್ ಮಾಡಿಕೊಂಡು, ಹಿಂದಿನವರಿಂದ ಬೈಸಿಕೊಂಡು ಮನೆಗೆ ಬಂದಳು. “ಗಾಡಿಗೇನಾದ್ರೂ ಆಗಿದ್ಯಾ ನೋಡಿ” ಎಂದಳು. ಆಗ ಹೇಳಬಹುದಿತ್ತು. ಆಣೆ ಮುರಿದದ್ದು ಗೊತ್ತಾಗುತ್ತದಲ್ಲ ಎಂದು ನಗಾಡಿಬಿಟ್ಟೆ. “ಗಾಡಿಗೇನಾಗಿದೆ? ನಿಂಗೇ ಕಾಲು ಮರ್ತೋಗಿದೆ” ಎಂದೆ. ಅವಳ ಕಣ್ಣೆದುರೇ ಗಾಡಿ ತೆಗೆದು ಕೆರೆಯ ಕಡೆ ಒಂದು ಸುತ್ತು ಹಾಕಿಕೊಂಡು ಬಂದೂ ತೋರಿಸಿದೆ. ನನಗಾಗಲೇ ಕಾಲು ಕುದುರಿತ್ತಲ್ಲ, ಒಂದು ಸಲವೂ ನಿಲ್ಲಲಿಲ್ಲ. ಅವಳು ಗೇಟಿನಲ್ಲಿ ನಿಂತು ನೋಡುತ್ತಿದ್ದಳು.

ಆಮೇಲೂ ಎರಡು ವಾರ ಬಿಡದೆ ಹೋದಳು. ಕೊನೆಯ ಸಲ ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ ಹತ್ತಿರದ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿ ಒಂದು ಆಟೊಗೆ ತಾಗಿತಂತೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದು ಕೀಯನ್ನು ಟೇಬಲ್ಲಿನ ಮೇಲೆ ಇಟ್ಟವಳು ಮತ್ತೆ ಮುಟ್ಟಲಿಲ್ಲ. ನಾನೂ ಕೇಳಲಿಲ್ಲ.

ಭಾವ, ಅವರು ನನಗೆ ಬರೀ ಹೆಣ್ಣು ಕೊಟ್ಟ ಅತ್ತೆಯಲ್ಲ. ನಮ್ಮಪ್ಪನ ಒಡಹುಟ್ಟಿದವರು, ನನ್ನನ್ನು ಎತ್ತಿ ಆಡಿಸಿದವರು. ಸಮಾಧಿಯ ಹತ್ತಿರ ನೀವು ರಾಧಾಳನ್ನು ಬೈಯುವಾಗ ನನ್ನ ನಾಲಿಗೆ ಬಿದ್ದುಹೋಗಿತ್ತು. ಬೈಸಿಕೊಳ್ಳಬೇಕಾದವನು ನಾನು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಹೋದ ವಾರ ಚನ್ನಪ್ಪನ ಹತ್ತಿರ ಆ ಸೆರಾಮಿಕ್ ತೆಗೆಸಿ ಆರ್ಗ್ಯಾನಿಕ್ ಹಾಕಿಸಿದ್ದೇನೆ. ಮ್ಯಾಪನ್ನೂ ಹಳೆಯದಕ್ಕೇ ತಂದಿದ್ದೇನೆ. ಪೆಡಲ್ ಈಗ ಬೆಣ್ಣೆಯ ಹಾಗಿದೆ. ರಾಧಾಳಿಗೆ ಒಂದು ಸಲ ಓಡಿಸಿ ನೋಡು ಎಂದು ಕೀ ಕೊಟ್ಟೆ. “ಬೇಡ ಬಿಡಿ, ಯಾರ್ಗಾದ್ರೂ ಗುದ್ದುಬಿಟ್ರೆ?” ಎಂದು ಅಡುಗೆಮನೆಗೆ ಹೋದಳು. ಹಿಂದೆ ಹೋಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಗಾಡಿ ಸರಿಯಾಯಿತಲ್ಲ, ಮೆಲ್ಲಗೆ ಅವಳೇ ಓಡಿಸಲು ಶುರು ಮಾಡಿದರೆ ಏನೂ ಹೇಳದೆ ಎಲ್ಲ ಮೊದಲಿನಂತೆ ಆಗಬಹುದೇ ಎಂದು ಒಂದು ಆಸೆ.

ಮಹೇಂದ್ರ


ಚಾಕಣ
ಏಪ್ರಿಲ್ 16, 2024

ಮಹೇಂದ್ರ,

ಆಗುವುದಿಲ್ಲ. ಈಗ ಸಲೀಸಾಗಿ ಓಡಿದರೆ ನಡುವೆ ತನಗೇ ಏನೋ ಬಡಿದಿತ್ತು ಎಂದುಕೊಂಡು ಜೀವನಪೂರ್ತಿ ಹೆದರುತ್ತಾಳೆ. ಆ ಭಯವನ್ನು ಅವಳಿಗೆ ಕೊಟ್ಟವನು ನೀನು. ವಾಪಸ್ ತೆಗೆದುಕೊಳ್ಳಬೇಕಾದವನೂ ನೀನೇ.

ಫೋನ್ ಮಾಡಿ ನಾನೇ ಹೇಳಿಬಿಡಬಲ್ಲೆ. ಆದರೆ ನಾನು ಹೇಳಿದರೆ ಅಣ್ಣ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾಳೆ. ನೀನು ಹೇಳಿದರೆ ನಂಬುತ್ತಾಳೆ. ಬೈದರೆ ಬೈಸಿಕೋ. ಮನೆ ಬಿಟ್ಟು ಹೊರಟರೆ ನಿಲ್ಲಿಸಬೇಡ, ಚಿಕ್ಕಬಾಣಾವರದ ಬಾಗಿಲು ತೆರೆದಿರುತ್ತದೆ. ನಾನು ಅವಳ ಕಾಲು ಹಿಡಿಯುವುದು ಆಮೇಲಿನ ಮಾತು.

ಬಾಲರಾಜ್


ಜಕ್ಕೂರು
ಮೇ 5, 2024

ಭಾವ,

ಹೇಳಿದೆ.

ಮೊನ್ನೆ ಗುರುವಾರ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮ್ಯಾಪು, ಪ್ಲೇಟು, ನೀವು ಬೇಡವೆಂದದ್ದು, ನಾನು ಸಣ್ಣ ಗಾಡಿಯ ಆಸೆ ತೋರಿಸಿ ನಿಮ್ಮನ್ನು ಒಪ್ಪಿಸಿದ್ದು, ಗೇಟಿನ ಮುಂದೆ ಗಾಡಿ ಓಡಿಸಿ ತೋರಿಸಿದ್ದು. ಯಾವುದನ್ನೂ ಬಿಡಲಿಲ್ಲ. ಅವಳ ಕೈ ಸೊಪ್ಪು ಬಿಡಿಸುತ್ತಲೇ ಇತ್ತು. ಎಲೆ ಯಾವುದು ಕಡ್ಡಿ ಯಾವುದು ಎಂದು ನೋಡದೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದಳು.

ನಾನು ಮುಗಿಸಿದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. “ಅಣ್ಣಂಗೆ ಗೊತ್ತಿತ್ತಾ?” ಎಂದಷ್ಟೇ ಕೇಳಿದಳು. ಪ್ಲೇಟ್ ಗೊತ್ತಿತ್ತು, ಅದನ್ನು ಹಾಕಿಸಿದ ಮೇಲೂ ನೀನು ಅದೇ ಗಾಡಿ ಓಡಿಸುವುದು ಗೊತ್ತಿರಲಿಲ್ಲ ಎಂದೆ. ತಲೆ ಆಡಿಸಿದಳು.

ಆಮೇಲೆ ತಾನಾಗಿಯೇ ಆ ದಿನದ್ದು ಹೇಳಿದಳು. ಆಟೊಗೆ ತಾಗಿದ ಮೇಲೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಳಂತೆ. ಅತ್ತೆ ಬೆನ್ನು ಸವರಿ, “ಓಗ್ಲಿ ಬಿಡು ಮಗ, ಅಳ್ಬ್ಯಾಡ. ಇವೆಲ್ಲ ನಮ್ಮಂತ ಎಣ್ಮಕ್ಳ ಕೈಲಿ ಎಲ್ಲಾಯ್ತದೆ? ಎಂಗೋ ಒಂದಷ್ಟ್ ದಿನ ಓಡಿಸ್ದೆ, ಅದೇ ಎಚ್ಚು” ಎಂದರಂತೆ. ಮುಂದಿನ ವಾರ ಬಸ್ಸಿನಲ್ಲಿ ಹೋದಾಗ ದಾಸರಹಳ್ಳಿಯ ಗುರುತಿನವರೊಬ್ಬರು ಮನೆಗೆ ಬಂದಿದ್ದರಂತೆ. ಮಗಳು ಗಾಡಿ ತರಲಿಲ್ಲವೇ ಎಂದು ಕೇಳಿದ್ದಕ್ಕೆ ಅತ್ತೆ ತಲೆ ತಗ್ಗಿಸಿ, “ಅವ್ಳಿಗ್ ಬರಕಿಲ್ಲ ಕಣವ್ವ” ಎಂದರಂತೆ. ಅದಕ್ಕೇ ಆಮೇಲೆ ಹೋಗುವುದನ್ನೇ ಕಡಿಮೆ ಮಾಡಿದೆ ಎಂದಳು. ತಾಯಿಯ ಆ ಮುಖ ನೋಡಲಾಗುತ್ತಿರಲಿಲ್ಲವಂತೆ.

ನನಗೆ ಇದಾವುದೂ ಗೊತ್ತಿರಲಿಲ್ಲ ಭಾವ.

ಎದ್ದು ಕೈ ತೊಳೆದುಕೊಂಡಳು. ಕೀ ಕೇಳಿದಳು, ಕೊಟ್ಟೆ. ನಾನೂ ಬರಲೇ ಎಂದರೆ ಬೇಡ ಎಂದು ಕೈ ಅಡ್ಡ ಹಿಡಿದಳು. ಗಾಡಿ ತೆಗೆದ ಸದ್ದು ಕೇಳಿಸಿತು. ಒಂದು ಸಲವೂ ಆಫ್ ಆಗಲಿಲ್ಲ. ಕೆರೆಯ ಕಡೆಗೆ ತಿರುಗಿ ಹೋದಳು.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಬಂದಳು. ನಾನು ಗೇಟಿನಲ್ಲೇ ನಿಂತಿದ್ದೆ. ಹೆಬ್ಬಾಳದ ಏರು ಹತ್ತಿ, ಜಾಲಹಳ್ಳಿ ಕ್ರಾಸ್ ದಾಟಿ, ದಾಸರಹಳ್ಳಿಯ ಮೇಲೆ ಚಿಕ್ಕಬಾಣಾವರಕ್ಕೆ ಹೋಗಿ, ನಿಮ್ಮ ಮನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡಿದ್ದು, ಒಳಗೆ ಹೋಗದೆ ವಾಪಸ್ಸು ಬಂದಳಂತೆ. ಧನಲಕ್ಷ್ಮಿ ಅತ್ತಿಗೆಗೂ ತಿಳಿದಿರಲಿಕ್ಕಿಲ್ಲ. ನಮ್ಮ ಇಕ್ಕಟ್ಟು ಗೇಟಿನೊಳಗೆ ಗಾಡಿಯನ್ನು ಒಂದೇ ಸಲಕ್ಕೆ ರಿವರ್ಸ್ ತಂದು ನಿಲ್ಲಿಸಿದಳು. ನಾನು ಕೂಡ ಹಾಗೆ ನಿಲ್ಲಿಸುವುದಿಲ್ಲ. ಇಳಿದು ಬಂದು ನನ್ನ ಮುಂದೆ ನಿಂತಳು. ಕಣ್ಣಲ್ಲಿ ಕೋಪವಿರಲಿಲ್ಲ.

“ಚೆನ್ನಾಗೇ ಓಡಿಸ್ತೀನಿ ಕಣ್ರೀ ನಾನು,” ಎಂದಳು. “ಈಗ ಅಮ್ಮಂಗೆ ಯಾರು ಹೇಳ್ತಾರೆ?”

ಮಹೇಂದ್ರ